ಒಡೆದ ಬಿಂಬ, ಉಳಿದ ನೆನಪು: ಛಾಯಾಚಿತ್ರದ ತುಣುಕು ಮತ್ತು ಅಗಲಿಕೆಯ ಅಭಿವ್ಯಕ್ತಿ

ಪ್ರವೇಶ

ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ತಮ್ಮ ನೆನಪಿನ ಬರಹಗಳಿಗೆ ಇಟ್ಟ ಹೆಸರು ‘ಜ್ಞಾಪಕ ಚಿತ್ರಶಾಲೆ’. ಎಂಟು ಸಂಪುಟಗಳಷ್ಟು ವಿಸ್ತಾರವಾದ ಈ ಬರಹವನ್ನು ಆತ್ಮಚರಿತ್ರೆ ಎಂದು ಕರೆಯಲಾಗದು. ಹುಟ್ಟಿನಿಂದ ಮುಪ್ಪಿನವರೆಗೆ ಹರಿಯುವ ಒಂದೇ ಎಳೆ ಇಲ್ಲಿಲ್ಲ. ದಿವಾನರು, ವಿದ್ವಾಂಸರು, ಸಂಗೀತಗಾರರು, ವೈದಿಕರು, ಊರಿನ ಸಾಮಾನ್ಯರು ಒಬ್ಬೊಬ್ಬರಾಗಿ ಒಂದೊಂದು ಚೌಕಟ್ಟಿನಲ್ಲಿ ಬಂದು ನಿಲ್ಲುತ್ತಾರೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯ ಖಾಲಿ ಜಾಗವಿದೆ. ಬರೆದವರ ಬದುಕು ಆ ಖಾಲಿ ಜಾಗಗಳಲ್ಲಿಯೇ ಇದೆ ಎಂದು ಓದುಗನಿಗೆ ಅನ್ನಿಸುತ್ತದೆ.

ನೆನಪನ್ನು ‘ಚಿತ್ರಶಾಲೆ’ ಎಂದು ಕರೆದಾಗ ಎರಡು ಸಂಗತಿಗಳು ಒಟ್ಟಿಗೆ ಧ್ವನಿತವಾಗುತ್ತವೆ. ಮೊದಲನೆಯದು, ನೆನಪು ಬಿಂಬರೂಪಿಯಾದುದು. ಎರಡನೆಯದು, ಅದು ಬಿಡಿಬಿಡಿಯಾದುದು. ಛಾಯಾಚಿತ್ರವನ್ನು ಕತ್ತರಿಸಿ, ಒಡೆದು, ಮರುಜೋಡಿಸಿ ನೆನಪು ಮತ್ತು ಅಗಲಿಕೆಗಳನ್ನು ಶೋಧಿಸುವ ಇಂದಿನ ದೃಶ್ಯಕಲೆಯ ಮೂಲ ತಿಳಿವಳಿಕೆಯೂ ಇದೇ ಆಗಿದೆ. ಈ ಬಗೆಯ ಕಲೆಯನ್ನು ಪಶ್ಚಿಮದಿಂದ ಬಂದ ಪ್ರಯೋಗವೆಂದು ನೋಡುವುದೇ ರೂಢಿ. ಆದರೆ ತುಣುಕಿನ ಮೂಲಕ ಇಲ್ಲದವರನ್ನು ನೆನೆಯುವ ಕ್ರಮ ಕನ್ನಡ ನೆಲಕ್ಕೆ ಹೊಸದಲ್ಲ. ಕೋಲಾರ ಸೀಮೆಯ ಎರಡು ಹಳೆಯ ಮಾದರಿಗಳನ್ನು ಎದುರಿಗಿಟ್ಟುಕೊಂಡು, ಬೆಂಗಳೂರಿನ ಕಲಾವಿದೆ ಆಯಿಶಾ ಅಬ್ರಹಾಂ ಅವರ ಕೃತಿಗಳನ್ನು ಮುಖ್ಯವಾಗಿ ಗಮನಿಸುತ್ತಾ, ತುಣುಕು ಯಾವಾಗ ನೆನಪಿಗೆ ನಿಷ್ಠವಾಗಿರುತ್ತದೆ, ಯಾವಾಗ ಅದನ್ನು ಮರೆಮಾಚುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಲ್ಲಿನ ತುಣುಕು: ಮಾಸ್ತಿಗಲ್ಲಿನ ತೋಳು

ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮ ಕನ್ನಡಿಗರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನ ಮೂಲಕ ಪರಿಚಿತ. ‘ಮಾಸ್ತಿ’ ಎಂಬುದು ‘ಮಹಾಸತಿ’ ಎಂಬುದರ ತದ್ಭವ. ಸತ್ತ ಗಂಡನೊಡನೆ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು ಮಾಸ್ತಿಗಲ್ಲು. ದಕ್ಷಿಣ ಕರ್ನಾಟಕದಲ್ಲಿ ಈ ಕಲ್ಲುಗಳು ಹೇರಳವಾಗಿ ದೊರೆಯುತ್ತವೆ. ಅವುಗಳ ಸಾಮಾನ್ಯ ಸ್ವರೂಪವಿದು: ಒಂದು ಕಂಬ, ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಬಾಗಿ ಮೇಲಕ್ಕೆ ನಿಂತ ಒಂದು ತೋಳು, ತೋಳಿನ ತುಂಬ ಬಳೆ, ಹಲವು ವೇಳೆ ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಕೆಲವು ಕಲ್ಲುಗಳಲ್ಲಿ ಒಂದಕ್ಕಿಂತ ಹೆಚ್ಚು ತೋಳುಗಳಿರುತ್ತವೆ. ಇಡೀ ಹೆಣ್ಣಿಗೆ ಬದಲಾಗಿ ಅವಳ ತೋಳು ಮಾತ್ರ ಉಳಿದಿದೆ.

ವೀರಗಲ್ಲಿನ ಕ್ರಮ ಬೇರೆ. ಹಲವು ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸಾನ್ನಿಧ್ಯ, ತುದಿಯಲ್ಲಿ ಸೂರ್ಯ ಚಂದ್ರರು. ಸಾವನ್ನು ಮೂರು ಬಿಡಿಚಿತ್ರಗಳಾಗಿ ಒಡೆದು ಒಂದರ ಮೇಲೊಂದಿಟ್ಟಾಗ ಅದು ಏರುವ ಕಥೆಯಾಗುತ್ತದೆ. ನೋಡುವವನ ಕಣ್ಣು ಕೆಳಗಿನಿಂದ ಮೇಲಕ್ಕೆ ಚಲಿಸುತ್ತಾ ಶೋಕದಿಂದ ಸಮಾಧಾನಕ್ಕೆ ತಲುಪುತ್ತದೆ. ಈ ಸ್ಮಾರಕಗಳ ಸಾಂಸ್ಕೃತಿಕ ಮಹತ್ವವನ್ನು ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವಿಸ್ತಾರವಾಗಿ ಚರ್ಚಿಸಿರುವುದು ಸರಿಯಷ್ಟೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅಕ್ಷರವಿರುವ ವೀರಗಲ್ಲುಗಳು ಹೀಗೆ ಓದಿಗೆ ದಕ್ಕಿದವು. ಅಕ್ಷರವಿಲ್ಲದ ಮಾಸ್ತಿಗಲ್ಲುಗಳು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಹೆಸರಿಲ್ಲದೆ ಉಳಿದವು.

ಇಲ್ಲಿ ಒಂದು ತೊಡಕಿದೆ. ಮಾಸ್ತಿಗಲ್ಲಿನ ತೋಳು ಕಲಾದೃಷ್ಟಿಯಿಂದ ಅಸಾಧಾರಣವಾದ ಸಂಕ್ಷೇಪ. ಆದರೆ ಅದು ಏನನ್ನು ಉಳಿಸಿಕೊಂಡಿದೆ? ಬಳೆಗಳನ್ನು. ಬಳೆ ಒಡೆಯದ ಕೈ ಎಂದರೆ ವಿಧವೆಯಾಗದ ಕೈ. ಹೆಣ್ಣಿನ ಮುಖ, ವಯಸ್ಸು, ಹೆಸರು, ಅವಳಿಗೆ ಬದುಕುವ ಆಸೆಯಿತ್ತೇ ಎಂಬ ಪ್ರಶ್ನೆ ಎಲ್ಲವೂ ಕಂಬದೊಳಗೆ ಮುಚ್ಚಿಹೋಗಿವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವು ದೇಕಬ್ಬೆಯ ಹೆಸರನ್ನೂ ಅವಳನ್ನು ತಡೆಯಲೆತ್ತಿಸಿದ ಹೆತ್ತವರ ಮಾತನ್ನೂ ದಾಖಲಿಸುವುದರಿಂದ ಅಪರೂಪದ್ದೆನಿಸುತ್ತದೆ. ಉಳಿದೆಡೆ ತುಣುಕು ಅಗಲಿಕೆಯನ್ನು ತೋರಿಸುವ ಬದಲು ಅದನ್ನು ಮಹಿಮೆಯಾಗಿ ಮಾರ್ಪಡಿಸಿದೆ. ಆದ್ದರಿಂದ ತುಣುಕು ತನ್ನಷ್ಟಕ್ಕೆ ಪ್ರಾಮಾಣಿಕವೆಂದು ಭಾವಿಸುವಂತಿಲ್ಲ. ಯಾವುದನ್ನು ಕತ್ತರಿಸಲಾಗಿದೆ, ಕತ್ತರಿಸಿದ ಗುರುತನ್ನು ಕಾಣಗೊಡಲಾಗಿದೆಯೇ ಎಂಬ ಪ್ರಶ್ನೆಗಳೇ ಮುಖ್ಯವಾಗುತ್ತವೆ.

2. ಗೋಡೆಯ ಮೇಲಿನ ತುಣುಕು: ಹಾರ ಹಾಕಿದ ಭಾವಚಿತ್ರ

ಛಾಯಾಚಿತ್ರ ಬಂದ ಮೇಲೆ ಸ್ಮಾರಕದ ಕೆಲಸವನ್ನು ಬಹುಮಟ್ಟಿಗೆ ಅದು ವಹಿಸಿಕೊಂಡಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ, ನಾಡಿನ ಇತರೆಡೆಗಳಂತೆಯೇ, ನಡುಮನೆಯ ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಭಾವಚಿತ್ರವಿರುತ್ತದೆ. ಹಣೆಗೆ ಕುಂಕುಮ, ಚೌಕಟ್ಟಿಗೆ ಹಾರ, ಸಂಜೆ ಹೊತ್ತಿಗೊಂದು ಸಣ್ಣ ದೀಪ. ಈ ಚಿತ್ರ ತಯಾರಾಗುವ ಬಗೆಯನ್ನು ಮಾತ್ರ ಯಾರೂ ಹೆಚ್ಚು ಗಮನಿಸುವುದಿಲ್ಲ. ಬದುಕಿರುವಾಗ ಒಂಟಿಯಾಗಿ ಸ್ಟುಡಿಯೊಗೆ ಹೋಗಿ ಚಿತ್ರ ತೆಗೆಸಿಕೊಂಡವರು ಕಡಿಮೆ. ಸಾವಾದ ಮೇಲೆ ಮದುವೆಯ ಗುಂಪುಚಿತ್ರವೊಂದನ್ನು ಹುಡುಕಿ ಸ್ಟುಡಿಯೊದವನ ಕೈಗೆ ಕೊಡಲಾಗುತ್ತದೆ. ಅವನು ಆ ಗುಂಪಿನಿಂದ ಒಂದು ಮುಖವನ್ನು ಬಿಡಿಸಿ ತೆಗೆದು, ಪಕ್ಕದವರ ಹೆಗಲನ್ನು ಅಳಿಸಿ, ಹಿನ್ನೆಲೆಗೆ ನೀಲಿ ಬಳಿದು, ದೊಡ್ಡದು ಮಾಡಿ ಕೊಡುತ್ತಾನೆ. ಎಷ್ಟೋ ಬಡ ಮನೆಗಳಲ್ಲಿ ಗುಂಪುಚಿತ್ರವೂ ಇರುವುದಿಲ್ಲ. 1993ರಲ್ಲಿ ಜಾರಿಗೆ ಬಂದ ಮತದಾರರ ಭಾವಚಿತ್ರವುಳ್ಳ ಗುರುತಿನ ಚೀಟಿಯಲ್ಲಿನ ಬೆರಳುಗುರಿನಷ್ಟು ಮುಖವೇ ಅವ್ವನ ಏಕೈಕ ಬಿಂಬವಾಗಿ ಉಳಿದಿರುವ ಸಂದರ್ಭಗಳುಂಟು. ಸರ್ಕಾರಕ್ಕಾಗಿ ತೆಗೆದ ಚಿತ್ರ ಮಕ್ಕಳ ನೆನಪಾಗಿ ಗೋಡೆಗೇರುತ್ತದೆ.

ಈ ಅರ್ಥದಲ್ಲಿ ಗೋಡೆಯ ಮೇಲಿನ ಪ್ರತಿಯೊಂದು ಹಾರದ ಚಿತ್ರವೂ ಕತ್ತರಿಸಿದ ಚಿತ್ರವೇ. ಆದರೆ ಕತ್ತರಿಯ ಗುರುತು ಕಾಣದಂತೆ ತಿದ್ದುವುದರಲ್ಲಿಯೇ ಸ್ಟುಡಿಯೊದವನ ಕುಶಲತೆಯಿದೆ. ಹೆಗಲ ಮೇಲಿದ್ದ ಇನ್ನೊಬ್ಬರ ಕೈ ಅಳಿಸಿಹೋದಾಗ ಒಂದು ಸಂಬಂಧವೂ ಅಳಿಸಿಹೋಗುತ್ತದೆ. ದುಃಖದಲ್ಲಿರುವ ಮನೆಯವರಿಗೆ ಇಂಥ ಪೂರ್ಣತೆ ಬೇಕಾಗುತ್ತದೆ ಎಂಬುದನ್ನು ಲಘುವಾಗಿ ಕಾಣುವಂತಿಲ್ಲ. ಆದರೂ ಮಾಸ್ತಿಗಲ್ಲಿನ ತೋಳಿಗೂ ಹಾರದ ಚಿತ್ರಕ್ಕೂ ಒಂದು ಸಾಮ್ಯವಿದೆ: ಎರಡೂ ತುಣುಕುಗಳು, ಎರಡೂ ತಾವು ತುಣುಕುಗಳೆಂಬುದನ್ನು ಮರೆಸುತ್ತವೆ.

ಫ್ರೆಂಚ್ ಚಿಂತಕ ರೋಲಾಂ ಬಾರ್ಥ್ 1980ರಲ್ಲಿ ಪ್ರಕಟಿಸಿದ ಛಾಯಾಚಿತ್ರ ಕುರಿತ ಗ್ರಂಥದಲ್ಲಿ ಇದಕ್ಕೆ ಪ್ರತಿಯಾದ ನಿಲುವೊಂದು ಕಾಣಸಿಗುತ್ತದೆ. 1977ರಲ್ಲಿ ತೀರಿಕೊಂಡ ತಾಯಿಯನ್ನು ಅವರು ಹಳೆಯ ಚಿತ್ರಗಳಲ್ಲಿ ಹುಡುಕುತ್ತಾರೆ. ಕೊನೆಗೆ ತಾಯಿ ಐದು ವರ್ಷದ ಬಾಲಕಿಯಾಗಿದ್ದಾಗಿನ ಒಂದು ಚಿತ್ರದಲ್ಲಿ ಮಾತ್ರ ಆಕೆ ದೊರೆಯುತ್ತಾಳೆ. ಅನೇಕ ಚಿತ್ರಗಳಿರುವ ಆ ಗ್ರಂಥದಲ್ಲಿ ಆ ಒಂದು ಚಿತ್ರವನ್ನು ಅವರು ಅಚ್ಚು ಹಾಕಿಸಲಿಲ್ಲ. ಕಳೆದುಕೊಂಡದ್ದರ ಜಾಗವನ್ನು ಖಾಲಿಯಾಗಿಯೇ ಇಡುವುದು ಇಲ್ಲಿಯ ಕ್ರಮ.

3. ಒಡೆಯುವ ಮೂರು ಬಗೆಗಳು

ಛಾಯಾಚಿತ್ರವನ್ನು ಒಡೆದು ಕೃತಿ ರಚಿಸುವ ಕಲಾವಿದರಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಸ್ಥಳವನ್ನು ಒಡೆಯುವುದು. ಬ್ರಿಟನ್ನಿನ ಡೇವಿಡ್ ಹಾಕ್ನಿ 1982ರಿಂದ ರಚಿಸಿದ ಜೋಡಣೆಗಳಲ್ಲಿ ಒಂದೇ ದೃಶ್ಯ ಹತ್ತಾರು ಬಿಡಿ ಛಾಯಾಚಿತ್ರಗಳಾಗಿ ಒಡೆದು, ಅಂಚುಗಳು ಕೂಡದಂತೆ ಹೊಂದಿಕೊಂಡಿರುತ್ತದೆ.

ಎರಡನೆಯದು ತಲೆಮಾರುಗಳನ್ನು ಒಂದರ ಮೇಲೊಂದು ಹೊದಿಸುವುದು. ವಿವಾನ್ ಸುಂದರಂ (1943–2023) ಅವರ ‘ರೀಟೇಕ್ ಆಫ್ ಅಮೃತಾ’ ಸರಣಿ (2001) ಇದಕ್ಕೆ ಪ್ರಸಿದ್ಧ ನಿದರ್ಶನ. ಅಜ್ಜ ಉಮ್ರಾವ್ ಸಿಂಗ್ ಶೇರ್ಗಿಲ್ ತೆಗೆದ ಮನೆಯ ಚಿತ್ರಗಳನ್ನು ಗಣಕಯಂತ್ರದ ನೆರವಿನಿಂದ ಕತ್ತರಿಸಿ, ಬೇರೆ ಬೇರೆ ವರ್ಷಗಳ ಮುಖಗಳನ್ನು ಒಂದೇ ಕೋಣೆಗೆ ತಂದಿರುವ ಸರಣಿಯಿದು. 1941ರಲ್ಲಿ ಇಪ್ಪತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡ ಕಲಾವಿದೆ ಅಮೃತಾ, ತಾನು ಎಂದೂ ಒಟ್ಟಿಗೆ ನಿಲ್ಲದ ತನ್ನದೇ ಹಲವು ವಯಸ್ಸುಗಳೊಡನೆ ಇಲ್ಲಿ ನಿಲ್ಲುತ್ತಾಳೆ.

ಮೂರನೆಯದು ಕಾಲವನ್ನು ಒಡೆಯುವುದು. ಬೆಂಗಳೂರಿನಲ್ಲಿ 1956ರಲ್ಲಿ ಜನಿಸಿದ ಎನ್. ಪುಷ್ಪಮಾಲಾ ಅವರ ‘ಪ್ಯಾರಿಸ್ ಆಟಮ್’ (2006) ಎಂಬ ಕೃತಿ ಚಲನಚಿತ್ರದ ರೂಪದಲ್ಲಿದ್ದರೂ ಸ್ಥಿರಚಿತ್ರಗಳಿಂದಲೇ ಕಟ್ಟಲ್ಪಟ್ಟಿದೆ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಹೋಗುವಾಗ ನಡುವಿನ ಚಲನೆ ಬಿಟ್ಟುಹೋಗುತ್ತದೆ. ಹಳೆಯ ನಗರದ ಕೋಣೆಯಲ್ಲಿ ಶತಮಾನಗಳ ಹಿಂದೆ ತೀರಿಕೊಂಡ ಹೆಣ್ಣೊಬ್ಬಳ ಸುಳಿವನ್ನು ಅರಸುವ ಕಥೆಗೆ ಆ ಬಿಟ್ಟುಹೋದ ಚಲನೆಯೇ ಸೂಕ್ತ ವಾಹಕವಾಗಿದೆ. ಆಯಿಶಾ ಅಬ್ರಹಾಂ ಅವರ ಕೃತಿಗಳೂ ಈ ಮೂರನೆಯ ಬಗೆಗೆ ಸೇರುತ್ತವೆ. ವ್ಯತ್ಯಾಸವೆಂದರೆ, ಅವರು ತುಣುಕನ್ನು ತಾವಾಗಿ ಸೃಷ್ಟಿಸುವುದಿಲ್ಲ. ಕಾಲವೇ ಒಡೆದಿಟ್ಟದ್ದನ್ನು ಎತ್ತಿಕೊಳ್ಳುತ್ತಾರೆ.

4. ಆಯಿಶಾ ಅಬ್ರಹಾಂ: ಶಿಥಿಲವಾದ ಸುರುಳಿಗಳು

ಬರೋಡಾ ಹಾಗೂ ಅಮೆರಿಕದಲ್ಲಿ ಕಲಾಶಿಕ್ಷಣ ಪಡೆದ ಆಯಿಶಾ ಅಬ್ರಹಾಂ ಬೆಂಗಳೂರಿನಲ್ಲಿ ನೆಲೆಸಿ, ಇತರರು ತೆಗೆದು ಮರೆತ ಮನೆಯ ಚಲನಚಿತ್ರಗಳನ್ನು ಸಂಗ್ರಹಿಸಿ ಅವುಗಳಿಂದ ಹೊಸ ಕೃತಿಗಳನ್ನು ರಚಿಸಿದವರು. ಮನೆಯ ಚಲನಚಿತ್ರಗಳ ಅಧ್ಯಯನಕ್ಕೆ ಮೀಸಲಾದ 2008ರ ಇಂಗ್ಲಿಷ್ ಸಂಕಲನವೊಂದರಲ್ಲಿ ಅವರ ಪ್ರಬಂಧವೂ ಸೇರಿದೆ. ಶಿಥಿಲಗೊಳ್ಳುತ್ತಿರುವ ನೆನಪುಗಳು ಎಂಬರ್ಥದ ಅದರ ಶೀರ್ಷಿಕೆ ಅವರ ಕಲೆಯ ಒಟ್ಟು ಧೋರಣೆಯನ್ನು ಸೂಚಿಸುತ್ತದೆ.

‘ಸ್ಟ್ರೇಟ್ 8’ (2005) ಎಂಬ ಕೃತಿಗೆ ಆಧಾರ ಬೆಂಗಳೂರಿನ ಆಂಗ್ಲೋ-ಇಂಡಿಯನ್ ಸಮುದಾಯದ ಹವ್ಯಾಸಿ ಚಿತ್ರಗ್ರಾಹಕ ಟಾಮ್ ಡಿ’ಅಗ್ವಿಯರ್ ಅವರು ದಶಕಗಳ ಹಿಂದೆ ತೆಗೆದ ಎಂಟು ಮಿಲಿಮೀಟರ್ ಸುರುಳಿಗಳು. ಈ ಕೃತಿಯನ್ನು ಅರಿಯಲು ಆ ಫಿಲ್ಮಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ಕೊಡಕ್ ಸಂಸ್ಥೆ ಮನೆಬಳಕೆಗಾಗಿ 1932ರಲ್ಲಿ ಬಿಡುಗಡೆ ಮಾಡಿದ ಈ ಫಿಲ್ಮ್ ವಾಸ್ತವವಾಗಿ ಹದಿನಾರು ಮಿಲಿಮೀಟರ್ ಅಗಲದ, 25 ಅಡಿ ಉದ್ದದ ಪಟ್ಟಿ. ಮೊದಲು ಒಂದು ಅಂಚಿನಲ್ಲಿ ಚಿತ್ರ ಮೂಡಿಸಿ, ಸುರುಳಿಯನ್ನು ತಿರುಗಿಸಿ ಹಾಕಿ ಇನ್ನೊಂದು ಅಂಚಿನಲ್ಲಿ ಮೂಡಿಸಬೇಕಾಗಿತ್ತು. ಸಂಸ್ಕರಣೆಯ ನಂತರ ಪಟ್ಟಿಯನ್ನು ನಡುವೆ ಉದ್ದಕ್ಕೆ ಸೀಳಿ, ಎರಡು ಸೀಳುಗಳನ್ನು ತುದಿಗೆ ತುದಿ ಅಂಟಿಸಿ 50 ಅಡಿಯ ಸುರುಳಿ ಮಾಡಲಾಗುತ್ತಿತ್ತು. ಸೆಕೆಂಡಿಗೆ 16 ಬಿಡಿಚಿತ್ರಗಳ ವೇಗದಲ್ಲಿ ಅದು ಓಡುವ ಅವಧಿ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಧ್ವನಿ ಇಲ್ಲ. ಅಂದರೆ ಮನೆಯ ನೆನಪು ಈ ಮಾಧ್ಯಮದಲ್ಲಿ ಹುಟ್ಟುವಾಗಲೇ ಸೀಳಿಕೊಂಡು, ಮೂಕವಾಗಿ, ನಾಲ್ಕು ನಿಮಿಷಕ್ಕೆ ಮುಗಿಯುವಂತೆ ಹುಟ್ಟುತ್ತದೆ.

ಕಾಲ ಕಳೆದಂತೆ ಇನ್ನೊಂದು ಬಗೆಯ ಒಡೆತ ಆರಂಭವಾಗುತ್ತದೆ. ಅಸಿಟೇಟ್ ಎಂಬ ವಸ್ತುವಿನಿಂದ ತಯಾರಾದ ಫಿಲ್ಮ್ ಸೆಕೆ ಮತ್ತು ತೇವಾಂಶಗಳಿಗೆ ಸಿಕ್ಕಾಗ ವಿನೆಗರಿನ ಹುಳಿ ವಾಸನೆ ಬೀರುತ್ತಾ ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಅಂಚಿನ ರಂಧ್ರಗಳ ನಡುವಣ ಅಂತರ ಬದಲಾಗಿ ಯಂತ್ರದಲ್ಲಿ ಓಡದಂತಾಗುತ್ತದೆ. ಬೂಷ್ಟು ಹತ್ತಿದ ಕಡೆ ಚಿತ್ರದ ಪದರ ಕಿತ್ತುಬರುತ್ತದೆ. ನಮ್ಮ ಹವೆಯಲ್ಲಿ ಅಟ್ಟದ ಮೇಲಿನ ತಗಡಿನ ಡಬ್ಬಿಯೊಳಗೆ ದಶಕಗಳ ಕಾಲ ಬಿದ್ದಿರುವ ಸುರುಳಿ ಹೊರಬಂದಾಗ ಅದರಲ್ಲಿ ಕಾಣುವುದು ಮನೆಮಂದಿ ಮಾತ್ರವಲ್ಲ. ಗೀರು, ಕಲೆ, ಬೆಳಕು ನುಗ್ಗಿದ ಗುರುತುಗಳು ಮುಖಗಳಷ್ಟೇ ಸ್ಪಷ್ಟವಾಗಿ ಕಾಣುತ್ತವೆ.

ಹಾರದ ಚಿತ್ರವನ್ನು ತಯಾರಿಸುವ ಸ್ಟುಡಿಯೊದವನ ಕೈಗೆ ಇದು ಸಿಕ್ಕಿದ್ದರೆ ಅವನು ಗೀರುಗಳನ್ನು ಅಳಿಸುತ್ತಿದ್ದ. ಅಬ್ರಹಾಂ ಅವುಗಳನ್ನು ಉಳಿಸಿಕೊಳ್ಳುತ್ತಾರೆ. ‘ಸ್ಟ್ರೇಟ್ 8’ರಲ್ಲಿ ಯೌವನದ ಕಣ್ಣು ಕಂಡ ದೃಶ್ಯಗಳಿಗೆ ಇಳಿವಯಸ್ಸಿನ ಧ್ವನಿ ಜೊತೆಯಾಗುತ್ತದೆ. ಎರಡರ ನಡುವಿನ ದಶಕಗಳು ಯಾವ ಚಿತ್ರದಲ್ಲಿಯೂ ಇಲ್ಲ. ಸ್ವಾತಂತ್ರ್ಯದ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಗುಂಪುಗುಂಪಾಗಿ ವಲಸೆ ಹೋದ ಹಿನ್ನೆಲೆಯಲ್ಲಿ, ಈ ಸಣ್ಣ ಸುರುಳಿಗಳು ಒಂದು ಮನೆಯ ನೆನಪಿನ ಜೊತೆಗೆ ಚದುರಿಹೋದ ಒಂದು ಸಮುದಾಯದ ಬೆಂಗಳೂರಿನ ನೆನಪೂ ಆಗುತ್ತವೆ. ಆದರೆ ಕೃತಿ ಅದನ್ನು ಇತಿಹಾಸದ ಪೂರ್ಣ ಕಥನವಾಗಿ ಬೆಳೆಸುವುದಿಲ್ಲ.

5. ತಾಳವಿಲ್ಲದ ನೃತ್ಯ

‘ಐ ಸಾ ಎ ಗಾಡ್ ಡಾನ್ಸ್’ (2011) ಎಂಬ ಕೃತಿ ಇದೇ ಧೋರಣೆಯನ್ನು ಇನ್ನಷ್ಟು ತೀವ್ರವಾಗಿ ಮುಂದಿಡುತ್ತದೆ. ಬೆಂಗಳೂರಿನ ನೃತ್ಯಗಾರ ರಾಮ್ ಗೋಪಾಲ್ 1930ರ ದಶಕದ ಕೊನೆಯ ಹೊತ್ತಿಗೆ ಯೂರೋಪಿನ ವೇದಿಕೆಗಳಲ್ಲಿ ಹೆಸರು ಮಾಡಿದವರು. ಭರತನಾಟ್ಯವನ್ನು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ, ಕಥಕಳಿಯನ್ನು ಕುಂಜು ಕುರುಪ್ ಅವರಲ್ಲಿ ಕಲಿತು, 2003ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ಉತ್ತುಂಗದ ಕಾಲದ ನೃತ್ಯ ಇಂದು ಲಭ್ಯವಿರುವುದು ಸ್ಥಿರಚಿತ್ರಗಳಲ್ಲಿ ಹಾಗೂ ಹವ್ಯಾಸಿಗಳು ತೆಗೆದ ಅಲ್ಪಸ್ವಲ್ಪ ಚಲನಚಿತ್ರದ ತುಣುಕುಗಳಲ್ಲಿ. ಅಬ್ರಹಾಂ ಅವರ ಕೃತಿ ಅಂಥ ತುಣುಕುಗಳನ್ನು ಆಧರಿಸಿದೆ.

ನೃತ್ಯ ಎಂಬ ಕಲೆಯೇ ಆಡುತ್ತಿದ್ದಂತೆ ಅಳಿಯುವಂಥದ್ದು. ಮೂಕ ಫಿಲ್ಮಿನಲ್ಲಿ ಅದು ಉಳಿದಾಗ ದೇಹ ಉಳಿಯುತ್ತದೆ, ತಾಳ ಉಳಿಯುವುದಿಲ್ಲ. ನಟ್ಟುವನಾರ ಸೊಲ್ಲು, ಮೃದಂಗ, ಗೆಜ್ಜೆ, ಹಾಡು ಯಾವುದೂ ಇಲ್ಲ. ಸೆಕೆಂಡಿಗೆ 16 ಬಿಡಿಚಿತ್ರಗಳಲ್ಲಿ ತೆಗೆದುದನ್ನು ವಿಡಿಯೊದ 25ರ ವೇಗಕ್ಕೆ ನೇರವಾಗಿ ಒಗ್ಗಿಸಿದರೆ ನರ್ತಕ ಒಂದೂವರೆ ಪಟ್ಟು ಅವಸರದಲ್ಲಿ ಕುಣಿಯುತ್ತಾನೆ. ಮೂಲ ವೇಗಕ್ಕೆ ತರಬೇಕಾದರೆ ಕೆಲವು ಬಿಡಿಚಿತ್ರಗಳನ್ನು ಎರಡೆರಡು ಬಾರಿ ತೋರಿಸಬೇಕಾಗುತ್ತದೆ, ಆಗ ಚಲನೆ ತಡವರಿಸುತ್ತದೆ. ಕೈಯಿಂದ ಕೀಲಿ ಕೊಡುವ ಅಂದಿನ ಕ್ಯಾಮೆರಾಗಳ ವೇಗವೂ ಸದಾ ಕರಾರುವಾಕ್ಕಾಗಿರುತ್ತಿರಲಿಲ್ಲ. ಹೀಗಾಗಿ ಆ ನೃತ್ಯದ ಸರಿಯಾದ ಲಯ ಇನ್ನು ಯಾರಿಗೂ ಖಚಿತವಾಗಿ ತಿಳಿಯುವಂತಿಲ್ಲ. ಸಂಕಲನಕಾರರು ಯಾವ ವೇಗವನ್ನು ಆಯ್ದರೂ ಅದೊಂದು ಊಹೆಯೇ ಆಗುತ್ತದೆ.

ನೋಡುಗನ ಎದುರಿಗೆ ಇರುವುದು ಉಳಿದ ದೇಹ ಮತ್ತು ಕಳೆದ ಲಯ. ಮಾಸ್ತಿಗಲ್ಲಿನ ಕಲ್ಲಿನ ತೋಳಿಗೂ ಈ ನರ್ತಕನ ತೋಳಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಕಲ್ಲಿನ ತೋಳಿಗೆ ಚಿರತ್ವದ ಹಂಬಲವಿದೆ. ಫಿಲ್ಮಿನ ತೋಳು ಗೀರುಗಳ ನಡುವೆ ನಡುಗುತ್ತಾ ತಾನೂ ಅಳಿಯಲಿರುವೆನೆಂಬುದನ್ನು ತೋರಿಸುತ್ತದೆ. ಒಂದು ಕಳೆದುಕೊಂಡದ್ದನ್ನು ದೈವತ್ವಕ್ಕೇರಿಸುತ್ತದೆ. ಇನ್ನೊಂದರ ಶೀರ್ಷಿಕೆಯಲ್ಲಿ ದೇವರು ಎಂಬ ಮಾತಿದ್ದರೂ, ತೆರೆಯ ಮೇಲೆ ಕಾಣುವುದು ಮರಣವುಳ್ಳ ಮನುಷ್ಯನೇ.

6. ಖಾಲಿ ಜಾಗದ ಮೌಲ್ಯ

ಇಲ್ಲಿಯವರೆಗಿನ ಚರ್ಚೆಗೆ ಒಂದು ಆಕ್ಷೇಪವನ್ನು ಎತ್ತಬಹುದು. ಹವ್ಯಾಸಿ ಚಲನಚಿತ್ರ ತೆಗೆಯುವಷ್ಟು ಅನುಕೂಲ ಆ ಕಾಲದಲ್ಲಿ ಎಷ್ಟು ಮನೆಗಳಿಗಿತ್ತು? ಕ್ಯಾಮೆರಾ ಇದ್ದವರ ನೆನಪು ಶಿಥಿಲವಾಗಿಯಾದರೂ ಉಳಿಯಿತು. ಕೋಲಾರದ ಬಯಲಿನಲ್ಲಿ ಕೂಲಿ ಮಾಡಿದವರ, ಜೀತಕ್ಕಿದ್ದವರ, ಕೆರೆ ತೋಡಿದವರ ಮುಖಗಳು ಶಿಥಿಲವಾಗುವುದಕ್ಕೂ ಒಂದು ಚಿತ್ರವಾಗಿ ಉಳಿದಿರಲಿಲ್ಲ. ಆಕ್ಷೇಪ ನ್ಯಾಯವಾದುದು. ತುಣುಕಿನ ಕಲೆಯನ್ನು ಮೆಚ್ಚುವಾಗ ತುಣುಕೂ ಇಲ್ಲದವರನ್ನು ಮರೆಯುವಂತಿಲ್ಲ.

ಆದರೆ ಇದೇ ಕಾರಣಕ್ಕೆ ಈ ಕಲೆಯ ಕ್ರಮ ಮುಖ್ಯವೆನಿಸುತ್ತದೆ. ಪೂರ್ಣವೆಂದು ಹೇಳಿಕೊಳ್ಳುವ ಚಿತ್ರಶಾಲೆಯಲ್ಲಿ ಇಲ್ಲದವರಿಗೆ ಜಾಗವೇ ಇರುವುದಿಲ್ಲ. ಏಕೆಂದರೆ ಅಲ್ಲಿ ಯಾರೋ ಇಲ್ಲವೆಂಬುದು ತಿಳಿಯುವುದೇ ಇಲ್ಲ. ಖಾಲಿ ಜಾಗವನ್ನು ಬಿಟ್ಟುತೋರಿಸುವ ಚಿತ್ರಶಾಲೆಯಲ್ಲಿ ಮಾತ್ರ ‘ಇಲ್ಲಿ ಯಾರಿರಬೇಕಿತ್ತು’ ಎಂಬ ಪ್ರಶ್ನೆ ಹುಟ್ಟುತ್ತದೆ. ಗುಂಡಪ್ಪನವರು ನೆನಪನ್ನು ಒಂದೇ ಕಥೆಯಾಗಿ ಹೆಣೆಯದೆ ಬಿಡಿಚಿತ್ರಗಳಾಗಿ ಇಟ್ಟುದರ ಫಲವೂ ಇದೇ. ಓದುಗನು ಅವರು ಚಿತ್ರಿಸಿದವರನ್ನು ಕಾಣುತ್ತಲೇ ಚಿತ್ರಿಸದೆ ಉಳಿದವರ ಬಗೆಗೆ ಕೇಳಬಲ್ಲವನಾಗುತ್ತಾನೆ. ಗುರುತಿನ ಚೀಟಿಯಿಂದ ದೊಡ್ಡದು ಮಾಡಿದ ಅವ್ವನ ಮಸುಕು ಮುಖವನ್ನೂ ಈ ದೃಷ್ಟಿಯಿಂದ ನೋಡಬೇಕಾಗಿದೆ. ಹಿಗ್ಗಿಸಿದಷ್ಟೂ ಒಡೆದು ಚುಕ್ಕೆಚುಕ್ಕೆಯಾಗುವ ಆ ಮುಖ, ಒಂದು ಬದುಕಿನ ಎಷ್ಟು ಕಡಿಮೆ ಭಾಗ ದಾಖಲೆಗೆ ಸಿಕ್ಕಿತು ಎಂಬುದಕ್ಕೆ ತಾನೇ ಸಾಕ್ಷಿ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ತುಣುಕಿನ ಮೂಲಕ ಅಗಲಿದವರನ್ನು ನೆನೆಯುವುದು ಕನ್ನಡ ಸಂಸ್ಕೃತಿಯಲ್ಲಿ ಕಲ್ಲಿನ ಕಾಲದಿಂದ ಬಂದ ಕ್ರಮ. ಆದರೆ ಎಲ್ಲ ತುಣುಕುಗಳೂ ಒಂದೇ ಕೆಲಸ ಮಾಡುವುದಿಲ್ಲ. ಮಾಸ್ತಿಗಲ್ಲು ಮತ್ತು ಹಾರದ ಭಾವಚಿತ್ರಗಳು ಕತ್ತರಿಸಿದ ಗುರುತನ್ನು ಮರೆಸಿ ಸಮಾಧಾನ ನೀಡುತ್ತವೆ. ಆಯಿಶಾ ಅಬ್ರಹಾಂ ಅವರ ಕೃತಿಗಳು ಆ ಗುರುತನ್ನು ಉಳಿಸಿಕೊಂಡು, ಏನು ಉಳಿಯಿತು ಎಂಬುದರೊಡನೆ ಏನು ಹೋಯಿತು ಎಂಬುದನ್ನೂ ಕಾಣಿಸುತ್ತವೆ. ಈ ಎರಡನೆಯ ಕ್ರಮಕ್ಕೆ ಕನ್ನಡದಲ್ಲಿಯೇ ‘ಜ್ಞಾಪಕ ಚಿತ್ರಶಾಲೆ’ಯಂಥ ಸಾಹಿತ್ಯಿಕ ನೆರೆಹೊರೆಯಿದೆ.

ಕೋಲಾರ ಸೀಮೆಯ ಹಳೆಯ ಸ್ಟುಡಿಯೊಗಳ ನೆಗೆಟಿವ್‌ಗಳು, ಮನೆಗಳ ಆಲ್ಬಂಗಳು, ಗೋಡೆಯಿಂದ ಇಳಿಸಿ ಮೂಲೆಗಿಟ್ಟ ಚೌಕಟ್ಟುಗಳು ಇನ್ನೂ ಅಧ್ಯಯನದ ವಸ್ತುವಾಗಬೇಕಾಗಿವೆ. ಶಾಸನಗಳನ್ನು ಓದಿದ ಶ್ರದ್ಧೆಯಿಂದಲೇ ಈ ಚಿತ್ರಗಳನ್ನೂ ಓದಬೇಕಾಗಿದೆ. ಚಿತ್ರದ ಹಿಂಬದಿಯ ಹೆಸರು, ಊರು, ತಾರೀಖುಗಳ ಜೊತೆಗೆ, ಪಕ್ಕದಲ್ಲಿ ನಿಂತಿದ್ದವರು ಯಾರು, ಯಾರ ಕೈಯನ್ನು ಅಳಿಸಲಾಯಿತು ಎಂಬುದನ್ನೂ ಮನೆಯ ಹಿರಿಯರಿಂದ ಕೇಳಿ ಬರೆದಿಡುವ ಕೆಲಸ ತಡವಾಗಬಾರದು. ಫಿಲ್ಮಿಗಿಂತ ಮೊದಲು ಮಾಸುವುದು ಹೇಳಬಲ್ಲವರ ನೆನಪು.